ಮಳೆಗಾಲದಲ್ಲಿ ಕಾರಿನಲ್ಲಿ ಗಿರಿಧಾಮಕ್ಕೆ: ಮೊದಲು ಘಾಟಿ, ಆಮೇಲೆ ಊರು

ಬೇಸಿಗೆ ರಜೆಯಲ್ಲಿ ಗಿರಿಧಾಮಕ್ಕೆ ಹೊರಡುವವರು ಮೊದಲು ಊರನ್ನು ಆರಿಸುತ್ತಾರೆ, ಆಮೇಲೆ ವಸತಿಯನ್ನು ಕಾದಿರಿಸುತ್ತಾರೆ, ದಾರಿಯ ವಿಚಾರವನ್ನು ಹೊರಡುವ ಹಿಂದಿನ ರಾತ್ರಿ ಮೊಬೈಲಿನ ನಕ್ಷೆಗೆ ಬಿಟ್ಟುಬಿಡುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಈ ಕ್ರಮವನ್ನು ತಿರುಗುಮುರುಗು ಮಾಡಬೇಕಾಗುತ್ತದೆ. ಯಾವ ಘಾಟಿಯನ್ನು ಹತ್ತಬೇಕು ಅಥವಾ ಇಳಿಯಬೇಕು, ಅದು ತೆರೆದಿದೆಯೇ, ಅದನ್ನು ಹಗಲಿನಲ್ಲೇ ದಾಟಲು ಆಗುತ್ತದೆಯೇ ಎಂಬುದು ಮೊದಲು ತೀರ್ಮಾನವಾಗಬೇಕು; ಊರು, ಹೋಂಸ್ಟೇ, ಜಲಪಾತಗಳ ಪಟ್ಟಿ ಅದರ ನಂತರ. ಮಳೆಗಾಲದ ಪ್ರವಾಸ ಕೆಡುವುದು ಸಾಮಾನ್ಯವಾಗಿ ಊರು ಸೇರುವ ಮುಂಚಿನ ಇಪ್ಪತ್ತು ಮೂವತ್ತು ಕಿಲೋಮೀಟರ್‌ಗಳಲ್ಲಿ.

ಮೇಲಿನಿಂದ ತಲುಪುವ ಊರುಗಳು

ಪಶ್ಚಿಮ ಘಟ್ಟದ ರಚನೆಯನ್ನು ಒಮ್ಮೆ ಮನಸ್ಸಿನಲ್ಲಿ ಸ್ಪಷ್ಟಪಡಿಸಿಕೊಂಡರೆ ಯೋಜನೆಯ ಅರ್ಧ ಕೆಲಸ ಮುಗಿಯುತ್ತದೆ. ಘಟ್ಟದ ಪಡುವಣ ಮುಖ ಕರಾವಳಿಯ ಕಡೆಗೆ ಕಡಿದಾಗಿ ಇಳಿಯುತ್ತದೆ; ಮೂಡಣ ಮುಖ ಬಯಲುಸೀಮೆಯ ಕಡೆಗೆ ನಿಧಾನವಾಗಿ ಜಾರುತ್ತದೆ. ಆದ್ದರಿಂದ ಬೆಂಗಳೂರು, ಮೈಸೂರು, ಹಾಸನ, ಶಿವಮೊಗ್ಗ, ಬೆಳಗಾವಿಗಳಿಂದ ಹೊರಡುವವರಿಗೆ ಒಂದು ದೊಡ್ಡ ಅನುಕೂಲವಿದೆ. ಕುಶಾಲನಗರದ ಮೇಲೆ ಮಡಿಕೇರಿ, ಹಾಸನದ ಮೇಲೆ ಸಕಲೇಶಪುರ, ಬೇಲೂರು ಅಥವಾ ಕಡೂರಿನ ಮೇಲೆ ಚಿಕ್ಕಮಗಳೂರು, ತೀರ್ಥಹಳ್ಳಿಯ ಮೇಲೆ ಆಗುಂಬೆ, ಬೆಳಗಾವಿಯಿಂದ ಗಡಿಯಾಚೆಯ ಅಂಬೋಲಿ: ಇವೆಲ್ಲ ಘಾಟಿಯ ತಲೆಯ ಮೇಲೆ ಕುಳಿತ ಊರುಗಳು. ಹೆಸರಾಂತ ಹೇರ್‌ಪಿನ್ ತಿರುವುಗಳೆಲ್ಲ ಈ ಊರುಗಳನ್ನು ದಾಟಿದ ಮೇಲೆ ಬರುತ್ತವೆ. ಆಗುಂಬೆಯ ಹದಿನಾಲ್ಕು ತಿರುವುಗಳು ಊರಿನಿಂದ ಹೆಬ್ರಿಯ ಕಡೆಗಿವೆ. ಶಿರಾಡಿ ಘಾಟಿ ಸಕಲೇಶಪುರದಿಂದ ಆಚೆ ದೋಣಿಗಾಲಿನ ಬಳಿಕ ಆರಂಭವಾಗುತ್ತದೆ. ಸಂಪಾಜೆಯ ಇಳಿಜಾರು ಮಡಿಕೇರಿಯಿಂದ ಸುಳ್ಯದ ಕಡೆಗಿದೆ. ಚಾರ್ಮಾಡಿ ಕೊಟ್ಟಿಗೆಹಾರದಿಂದ ಕೆಳಕ್ಕೆ ಇಳಿಯುತ್ತದೆ. ಬಯಲಿನ ಕಡೆಯಿಂದ ಹೋಗಿ, ಮೇಲೆಯೇ ಇದ್ದು, ಅದೇ ದಾರಿಯಲ್ಲಿ ಹಿಂದಿರುಗುವವರಿಗೆ ಈ ಘಾಟಿಗಳನ್ನು ಮುಟ್ಟುವ ಅಗತ್ಯವೇ ಬರುವುದಿಲ್ಲ. ಮಳೆಗಾಲದಲ್ಲಿ ಮೊದಲ ಬಾರಿ ಮಲೆಗೆ ಕಾರು ಒಯ್ಯುವವರಿಗೆ ಇದೇ ಸರಿಯಾದ ಆರಂಭ ಎಂಬುದು ನನ್ನ ಅಭಿಪ್ರಾಯ. ‘ಇಷ್ಟು ದೂರ ಬಂದಿದ್ದೇವೆ, ಕೆಳಗಿಳಿದು ಸಮುದ್ರವನ್ನೂ ನೋಡಿಬಿಡೋಣ’ ಎಂಬ ಆಸೆಯನ್ನು ಅಕ್ಟೋಬರ್‌ಗೆ ಮುಂದೂಡಿದರೆ ಪ್ರವಾಸದ ಅಪಾಯ ಬಹಳಷ್ಟು ಕಡಿಮೆಯಾಗುತ್ತದೆ.

ಮಂಗಳೂರು, ಉಡುಪಿ, ಕುಂದಾಪುರದವರಿಗೆ ಈ ಆಯ್ಕೆಯಿಲ್ಲ. ಅವರು ಘಾಟಿ ಹತ್ತಲೇಬೇಕು. ಆದ್ದರಿಂದ ಅವರ ಯೋಜನೆಯಲ್ಲಿ ಒಂದು ಘಾಟಿಗೆ ಪರ್ಯಾಯವಾಗಿ ಮತ್ತೊಂದು ಘಾಟಿ ಯಾವಾಗಲೂ ಸಿದ್ಧವಿರಬೇಕು. 2018ರ ಆಗಸ್ಟ್‌ನಲ್ಲಿ ಜೋಡುಪಾಲ ಮತ್ತು ಮದೆನಾಡಿನ ಬಳಿ ಗುಡ್ಡ ಜರಿದು ಮಡಿಕೇರಿ–ಸಂಪಾಜೆ ರಸ್ತೆ ಕಡಿದುಹೋಯಿತು, ಅದೇ ಮಳೆಗಾಲದಲ್ಲಿ ಶಿರಾಡಿಯೂ ಮುಚ್ಚಿತ್ತು. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿಯ ಸರದಿ; 2024ರ ಜುಲೈನಲ್ಲಿ ಮತ್ತೆ ಶಿರಾಡಿಯ ದೊಡ್ಡತಪ್ಪಲೆಯಲ್ಲಿ ಕುಸಿತ. ಒಂದು ಘಾಟಿ ಮುಚ್ಚಿದ ದಿನ ಅದರ ವಾಹನಗಳೆಲ್ಲ ಪಕ್ಕದ ಘಾಟಿಗೆ ನುಗ್ಗುತ್ತವೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಶಿರಾಡಿ ಬಂದ್ ಆದ ದಿನ ಚಾರ್ಮಾಡಿಯಲ್ಲಿ ಎರಡು ಗಂಟೆಯ ದಾರಿ ನಾಲ್ಕು ಗಂಟೆಯಾದರೆ ಆಶ್ಚರ್ಯವಿಲ್ಲ. ಆಗುಂಬೆ ಘಾಟಿಯಲ್ಲಿ ಮಳೆಗಾಲದಲ್ಲಿ ಭಾರಿ ವಾಹನಗಳನ್ನು ತಡೆಯುವುದು ವಾಡಿಕೆಯಾಗಿರುವುದರಿಂದ ಕಾರಿನವರಿಗೆ ಅದು ಕೆಲವೊಮ್ಮೆ ಸಲೀಸಾದ ದಾರಿಯಾಗುತ್ತದೆ, ಆದರೆ ಅದರ ತಿರುವುಗಳು ತುಂಬ ಇಕ್ಕಟ್ಟು. ಹುಲಿಕಲ್, ಬಿಸಿಲೆ ಮುಂತಾದ ಕಾಡಿನ ನಡುವಣ ಘಾಟಿಗಳು ನೋಟಕ್ಕೆ ಅದ್ಭುತ. ಮರ ಬಿದ್ದರೆ ತೆರವಿಗೆ ಹೊತ್ತು ಹಿಡಿಯುತ್ತದೆ, ಮೊಬೈಲ್ ಸಿಗ್ನಲ್ ಬಹುಪಾಲು ಇರುವುದಿಲ್ಲ.

ಮೇಲಿನ ಊರುಗಳೆಲ್ಲ ನಿಶ್ಚಿಂತೆಯ ಊರುಗಳು ಎಂದು ಇದರ ಅರ್ಥವಲ್ಲ. 2018ರಲ್ಲಿ ಮಡಿಕೇರಿಯ ಸುತ್ತಮುತ್ತಲಿನ ಗುಡ್ಡಗಳೇ ಜರಿದವು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಬೆಟ್ಟ ಕುಸಿಯಿತು, ಭಾಗಮಂಡಲದ ತ್ರಿವೇಣಿ ಸಂಗಮವಂತೂ ಜೋರು ಮಳೆಗೆ ಜಲಾವೃತವಾಗುವುದು ಹೊಸದೇನಲ್ಲ. ಮುಖ್ಯ ಹೆದ್ದಾರಿಯ ಮೇಲಿನ ಪಟ್ಟಣದಲ್ಲಿ ತಂಗಿ, ಒಳದಾರಿಗಳನ್ನು ಅಂದಂದಿನ ಹವಾಮಾನ ನೋಡಿ ನಿರ್ಧರಿಸುವುದು ಒಳ್ಳೆಯದು.

ಯಾವ ಮಳೆಯಲ್ಲಿ ಹೊರಡಬೇಕು

ಮುಂಗಾರು ವಾಡಿಕೆಯಂತೆ ಜೂನ್ 1ರ ಸುಮಾರಿಗೆ ಕೇರಳವನ್ನು ಮುಟ್ಟಿ, ಕೆಲವೇ ದಿನಗಳಲ್ಲಿ ನಮ್ಮ ಕರಾವಳಿಗೆ ಬರುತ್ತದೆ. ಹಳಬರು ತಿಂಗಳಿಗಿಂತ ನಕ್ಷತ್ರವನ್ನೇ ಹೆಚ್ಚು ನಂಬುತ್ತಿದ್ದರು. ಪ್ರವಾಸದ ಯೋಜನೆಗೂ ಆ ಲೆಕ್ಕ ಬಳಕೆಗೆ ಬರುತ್ತದೆ. ಜೂನ್ 21–22ರಿಂದ ಜುಲೈ 5ರ ವರೆಗಿನ ಆರಿದ್ರಾ, ಅದರ ನಂತರದ ಪುನರ್ವಸು, ಜುಲೈ ಕೊನೆಯ ಪುಷ್ಯ, ಆಗಸ್ಟ್ ಮೊದಲ ಪಕ್ಷದ ಆಶ್ಲೇಷಾ: ಮಲೆನಾಡಿನಲ್ಲಿ ಹಗಲು ರಾತ್ರಿ ಬಿಡದೆ ಸುರಿಯುವ ಕಾಲ ಇದು. ಮೇಲೆ ಹೇಳಿದ ಕುಸಿತಗಳೆಲ್ಲ ಜುಲೈ ಮತ್ತು ಆಗಸ್ಟ್‌ನವೇ ಎಂಬುದನ್ನು ಗಮನಿಸಬಹುದು. ಮಣ್ಣು ಅಷ್ಟರಲ್ಲಿ ವಾರಗಟ್ಟಲೆ ನೀರು ಕುಡಿದಿರುತ್ತದೆ, ಅದರ ಮೇಲೆ ಒಂದೆರಡು ದಿನದ ಭಾರಿ ಮಳೆ ಬಿದ್ದರೆ ರಸ್ತೆಗಾಗಿ ನೇರವಾಗಿ ಕಡಿದ ಧರೆ ನಿಲ್ಲುವುದಿಲ್ಲ. ಜೂನ್ ಎರಡನೆಯ ವಾರದಿಂದ ಆರಿದ್ರಾ ಹುಟ್ಟುವವರೆಗಿನ ಅವಧಿ ಹಾಗೂ ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಕೊನೆಯ ವಾರದವರೆಗಿನ ಹುಬ್ಬ, ಉತ್ತರೆ ಮಳೆಗಳ ಅವಧಿ ಕಾರಿನ ಪ್ರವಾಸಕ್ಕೆ ಹೆಚ್ಚು ಒಪ್ಪುತ್ತವೆ. ಎರಡನೆಯದು ನನಗೆ ಇನ್ನೂ ಮೆಚ್ಚು: ಜಲಪಾತಗಳು ತುಂಬಿರುತ್ತವೆ, ಮಳೆ ಬಿಟ್ಟು ಬಿಟ್ಟು ಬರುತ್ತದೆ, ಮಂಜು ಸರಿದು ಕಣಿವೆ ಕಾಣುವ ಹೊತ್ತುಗಳೂ ಸಿಗುತ್ತವೆ. ಆರಿದ್ರಾ, ಪುಷ್ಯದ ನಡುವೆ ಹೋದರೆ ನೋಡುವುದಕ್ಕೆ ಮಂಜಿನ ಬಿಳಿ ಗೋಡೆಯೊಂದೇ ಇರುವ ದಿನಗಳೇ ಹೆಚ್ಚು. ಅದೇ ಬೇಕೆನ್ನುವವರ ಮಾತು ಬೇರೆ.

ಹೊರಡುವ ವಾರದಲ್ಲಿ ಹವಾಮಾನ ಇಲಾಖೆಯ ಜಿಲ್ಲಾವಾರು ಮುನ್ಸೂಚನೆಯನ್ನು ದಿನವೂ ನೋಡಬೇಕು. ಇಲಾಖೆಯ ‘ಮೌಸಮ್’ ಆ್ಯಪ್ ಇದಕ್ಕೆ ಸಾಕು. ಗುಡುಗು ಸಿಡಿಲಿನ ಎಚ್ಚರಿಕೆಗೆ ‘ದಾಮಿನಿ’ ಇದೆ. 24 ಗಂಟೆಯಲ್ಲಿ 64.5 ಮಿ.ಮೀ. ದಾಟಿದರೆ ಭಾರಿ ಮಳೆ, 115.6 ಮಿ.ಮೀ. ಮುಟ್ಟಿದರೆ ಅತಿ ಭಾರಿ, 204.4 ಮಿ.ಮೀ. ಮೀರಿದರೆ ಅತ್ಯಂತ ಭಾರಿ ಮಳೆ ಎಂಬುದು ಇಲಾಖೆಯ ವರ್ಗೀಕರಣ. ಹಳದಿ ಅಲರ್ಟ್ ಇದ್ದಾಗ ಎಚ್ಚರದಿಂದ ಹೋಗಬಹುದು. ಕಿತ್ತಳೆ ಬಂದರೆ ಘಾಟಿಯಿರುವ ದಾರಿಯನ್ನು ಕೈಬಿಡುವುದು ಲೇಸು. ಕೆಂಪು ಅಲರ್ಟಿನ ದಿನ ಎಲ್ಲಿದ್ದೀರೋ ಅಲ್ಲೇ ಇರಬೇಕು. ಇದರೊಂದಿಗೆ ಇನ್ನೊಂದು ಸೂಚನೆಯನ್ನು ಗಮನಿಸಲು ಹೇಳುತ್ತೇನೆ: ಸಂಜೆಯ ಹೊತ್ತಿಗೆ ಕೊಡಗು, ಚಿಕ್ಕಮಗಳೂರು ಅಥವಾ ದಕ್ಷಿಣ ಕನ್ನಡದ ಜಿಲ್ಲಾಧಿಕಾರಿಗಳು ನಾಳೆ ಶಾಲೆಗಳಿಗೆ ರಜೆ ಎಂದು ಘೋಷಿಸಿದರೆ, ಆ ತಾಲ್ಲೂಕಿನ ಹಳ್ಳಗಳೂ ಮರಗಳೂ ರಸ್ತೆಗಳೂ ಯಾವ ಸ್ಥಿತಿಯಲ್ಲಿವೆ ಎಂಬುದನ್ನು ಸ್ಥಳೀಯ ಆಡಳಿತವೇ ತೂಗಿನೋಡಿ ಹೇಳಿದಂತಾಯಿತು. ಮಕ್ಕಳನ್ನು ಶಾಲೆಗೆ ಕಳಿಸಬಾರದ ದಾರಿಯಲ್ಲಿ ಹೊರಗಿನವರು ಕಾರು ಓಡಿಸುವುದರಲ್ಲಿ ಅರ್ಥವಿಲ್ಲ.

ರಾಜ್ಯದ ಗಡಿ ದಾಟುವವರಿಗೆ

ಊಟಿಗೆ ಹೋಗುವ ಕನ್ನಡಿಗರು ಮೂರು ನಿಯಮಗಳನ್ನು ನೆನಪಿಡಬೇಕು. 2024ರ ಮೇ 7ರಿಂದ ಊಟಿ ಮತ್ತು ಕೊಡೈಕನಾಲ್‌ಗೆ ಹೋಗುವ ಹೊರಗಿನ ವಾಹನಗಳಿಗೆ ಮದ್ರಾಸ್ ಹೈಕೋರ್ಟಿನ ಆದೇಶದಂತೆ ಇ-ಪಾಸ್ ಬೇಕು. ತಮಿಳುನಾಡು ಸರ್ಕಾರದ ಜಾಲತಾಣದಲ್ಲಿ ಅದನ್ನು ಮೊದಲೇ ಪಡೆದುಕೊಳ್ಳಬೇಕು, ಗಡಿಯಲ್ಲಿ ಸಿಗ್ನಲ್ ಹುಡುಕುತ್ತ ನಿಲ್ಲಬಾರದು. ಬಂಡೀಪುರದ ಮೂಲಕ ಊಟಿಗೂ ವಯನಾಡಿಗೂ ಹೋಗುವ ಎರಡೂ ಹೆದ್ದಾರಿಗಳು ರಾತ್ರಿ 9ರಿಂದ ಬೆಳಿಗ್ಗೆ 6ರ ವರೆಗೆ ಮುಚ್ಚಿರುತ್ತವೆ, ಮೈಸೂರು–ಮಾನಂದವಾಡಿ ದಾರಿ ಸಂಜೆ 6ಕ್ಕೇ ಮುಚ್ಚುತ್ತದೆ. ಮಸಿನಗುಡಿಯಿಂದ ಊಟಿಗೆ ಹತ್ತುವ ಕಲ್ಲಟ್ಟಿ ದಾರಿಯ 36 ಹೇರ್‌ಪಿನ್ ತಿರುವುಗಳಲ್ಲಿ ಹೊರಗಿನ ವಾಹನಗಳು ಇಳಿಯುವುದನ್ನು ತಡೆದಿದ್ದಾರೆ. ಇಳಿಯಲು ಪೈಕಾರ, ಗೂಡಲೂರಿನ ದಾರಿಯೇ ಗತಿ. ಬ್ರೇಕ್ ಕಾದು ಕೈಕೊಟ್ಟ ಅಪಘಾತಗಳ ಹಿನ್ನೆಲೆಯಲ್ಲಿ ಬಂದ ನಿರ್ಬಂಧ ಇದು, ವಾದಿಸಿ ಪ್ರಯೋಜನವಿಲ್ಲ.

ನೀಲಗಿರಿಯಲ್ಲಿ ಎರಡು ಮಳೆಗಾಲಗಳಿವೆ ಎಂಬುದು ಹಲವರ ಗಮನಕ್ಕೆ ಬರುವುದಿಲ್ಲ. ಪಡುವಣದ ಗೂಡಲೂರು, ದೇವಾಲ, ಅವಲಾಂಚಿ ಭಾಗಕ್ಕೆ ಮುಂಗಾರು ಬಡಿಯುತ್ತದೆ. 2019ರ ಆಗಸ್ಟ್ 8ರಂದು ಅವಲಾಂಚಿಯಲ್ಲಿ ಒಂದೇ ದಿನ 820 ಮಿ.ಮೀ. ಮಳೆ ದಾಖಲಾಗಿತ್ತು. ಮೂಡಣದ ಕೂನೂರು, ಕೋಟಗಿರಿ ಹಾಗೂ ಅವುಗಳಿಂದ ಮೇಟ್ಟುಪಾಳ್ಯಕ್ಕೆ ಇಳಿಯುವ ದಾರಿಗಳಿಗೆ ಅಪಾಯದ ಕಾಲ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಹಿಂಗಾರು. ಹೀಗಾಗಿ ಜುಲೈನಲ್ಲಿ ನೀಲಗಿರಿಗೆ ಹೋಗಲೇಬೇಕೆಂದರೆ ಕೂನೂರು, ಕೋಟಗಿರಿಗಳ ಕಡೆ ತಂಗುವುದು ಬುದ್ಧಿವಂತಿಕೆ. ಕೊಡೈಕನಾಲ್‌ಗೂ ಹಿಂಗಾರಿನದೇ ದೊಡ್ಡ ಮಳೆ.

ಕೇರಳದ ವಯನಾಡು ಮತ್ತು ಇಡುಕ್ಕಿ ಜಿಲ್ಲೆಗಳನ್ನು ಜುಲೈ, ಆಗಸ್ಟ್‌ನಲ್ಲಿ ಬಿಟ್ಟುಬಿಡಿ ಎಂದೇ ಹೇಳುತ್ತೇನೆ. 2020ರ ಆಗಸ್ಟ್ 6ರಂದು ಮುನ್ನಾರ್ ಬಳಿಯ ಪೆಟ್ಟಿಮುಡಿಯಲ್ಲಿ, 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ ಮತ್ತು ಚೂರಲ್‌ಮಲದಲ್ಲಿ ನಡೆದ ದುರಂತಗಳು ರಸ್ತೆಯ ಮಾತಿರಲಿ, ಮನೆಯೊಳಗೆ ಮಲಗಿದ್ದವರನ್ನೂ ಬಿಡಲಿಲ್ಲ.

ಮಹಾರಾಷ್ಟ್ರದ ಮಹಾಬಲೇಶ್ವರಕ್ಕೆ ಬೆಳಗಾವಿ, ಕೊಲ್ಹಾಪುರ, ಸಾತಾರಾ ಮಾರ್ಗವಾಗಿ ಹೋಗುವವರು ವಾಯಿ, ಪಸರಣಿ ಘಾಟಿ, ಪಂಚಗಣಿಯ ಮೂಲಕ ಹತ್ತಿದರೆ ಮೂಡಣ ಮುಖದಿಂದಲೇ ತಲುಪಿದಂತಾಗುತ್ತದೆ. ಪೋಲಾದಪುರದ ಕಡೆಯ ಅಂಬೇನಳಿ ಘಾಟಿ ಕುಸಿತಕ್ಕೆ ಹೆಸರಾದದ್ದು.

ಹಿಮಾಲಯದ ವಿಷಯದಲ್ಲಿ ನನ್ನ ಸಲಹೆ ಚಿಕ್ಕದು: ಜುಲೈ ಮತ್ತು ಆಗಸ್ಟ್‌ನಲ್ಲಿ ಮನಾಲಿ, ಶಿಮ್ಲಾ, ಮಸ್ಸೂರಿ, ನೈನಿತಾಲ್‌ಗಳಿಗೆ ಕಾರಿನಲ್ಲಿ ಹೋಗಬೇಡಿ. 2023ರ ಜುಲೈನಲ್ಲಿ ಬಿಯಾಸ್ ನದಿ ಕುಲ್ಲು–ಮನಾಲಿ ಹೆದ್ದಾರಿಯ ಭಾಗಗಳನ್ನೇ ಕೊಚ್ಚಿಕೊಂಡು ಹೋಗಿತ್ತು. ಲಾಹೌಲ್, ಸ್ಪಿತಿ, ಲಡಾಖ್ ಮಳೆಯ ನೆರಳಿನ ಪ್ರದೇಶಗಳೆಂಬುದು ನಿಜ. 2020ರ ಅಕ್ಟೋಬರ್‌ನಲ್ಲಿ ತೆರೆದ 9.02 ಕಿ.ಮೀ. ಉದ್ದದ ಅಟಲ್ ಸುರಂಗವನ್ನು ದಾಟಿದ ಕೂಡಲೇ ಬೆಟ್ಟದ ಬಣ್ಣವೇ ಬದಲಾಗುತ್ತದೆ. ಆದರೆ ಆ ಸುರಂಗದ ಬಾಯಿಗೆ ತಲುಪಲು ಕುಲ್ಲು ಕಣಿವೆಯನ್ನೇ ಹಾಯಬೇಕು. ಸೆಪ್ಟೆಂಬರ್ ಕೊನೆಯಲ್ಲಿ ಮುಂಗಾರು ಉತ್ತರದಿಂದ ಹಿಂದೆ ಸರಿದ ಮೇಲೆ ಹೋಗುವುದು ಮೇಲು. ಎತ್ತರದ ಹಿಮನದಿಯ ತೊರೆಗಳು ರಸ್ತೆಯನ್ನು ದಾಟುವ ಕಡೆಗಳಲ್ಲಿ ಬೆಳಿಗ್ಗೆ ಬೇಗ ದಾಟಬೇಕು. ಬಿಸಿಲೇರಿ ಹಿಮ ಕರಗಿದಂತೆ ಮಧ್ಯಾಹ್ನಕ್ಕೆ ನೀರು ಏರುತ್ತದೆ.

ಕಾರಿನ ತಯಾರಿ

ಟೈರಿನ ವಿಷಯದಲ್ಲಿ ಜಿಪುಣತನ ಸಲ್ಲದು. ಟೈರಿನ ಮೇಲ್ಮೈಯ ಗೀರುಗಳ ತಳದಲ್ಲಿ ಅಡ್ಡಲಾಗಿ ಸಣ್ಣ ಉಬ್ಬುಪಟ್ಟಿಗಳಿರುತ್ತವೆ. ಮೇಲ್ಮೈ ಸವೆದು ಆ ಪಟ್ಟಿಗಳ ಮಟ್ಟಕ್ಕೆ ಬಂದರೆ 1.6 ಮಿ.ಮೀ. ಮಾತ್ರ ಉಳಿದಿದೆ ಎಂದರ್ಥ, ಅದು ಕಾನೂನಿನ ಕೊನೆಯ ಮಿತಿ. ಒದ್ದೆ ರಸ್ತೆಗೆ 3 ಮಿ.ಮೀ.ಗಿಂತ ಕಡಿಮೆಯಾದಾಗಲೇ ಹಿಡಿತ ಗಣನೀಯವಾಗಿ ಕುಗ್ಗಿರುತ್ತದೆ. ನೀರನ್ನು ಪಕ್ಕಕ್ಕೆ ತಳ್ಳಲಾಗದ ಟೈರು ನೀರಿನ ಪದರದ ಮೇಲೆ ತೇಲುತ್ತದೆ, ಆಗ ಸ್ಟಿಯರಿಂಗ್ ಹಗುರವಾದಂತೆನಿಸಿ ಕಾರು ಮಾತು ಕೇಳುವುದಿಲ್ಲ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಕೊನೆಯ ನಾಲ್ಕು ಅಂಕಿಗಳು ತಯಾರಾದ ವಾರ ಮತ್ತು ವರ್ಷವನ್ನು ತಿಳಿಸುತ್ತವೆ: 2321 ಎಂದಿದ್ದರೆ 2021ರ 23ನೆಯ ವಾರ. ಗೀರುಗಳು ಚೆನ್ನಾಗಿದ್ದರೂ ರಬ್ಬರು ಹಳೆಯದಾಗಿ ಗಟ್ಟಿಯಾಗಿದ್ದರೆ ಮಳೆಯಲ್ಲಿ ಜಾರುತ್ತದೆ. ಗಾಳಿಯ ಒತ್ತಡ ಕಾರಿನ ಬಾಗಿಲ ಚೌಕಟ್ಟಿನ ಮೇಲೆ ಬರೆದಷ್ಟೇ ಇರಲಿ. ಹಿಡಿತಕ್ಕಾಗಿ ಕಡಿಮೆ ಮಾಡುವ ಮನೆಮದ್ದು ಡಾಂಬರು ರಸ್ತೆಗೆ ಹೊಂದುವುದಿಲ್ಲ. ಸ್ಟೆಪ್ನಿಯ ಗಾಳಿಯನ್ನೂ ನೋಡಿಸಬೇಕು.

ವೈಪರ್ ಬ್ಲೇಡು ಗಾಜಿನ ಮೇಲೆ ಗೆರೆ ಬಿಡುತ್ತಿದ್ದರೆ ಅಥವಾ ಕಿರುಗುಟ್ಟುತ್ತಿದ್ದರೆ ಬದಲಿಸಿ. ವಾಷರ್ ಟ್ಯಾಂಕಿನಲ್ಲಿ ನೀರಿರಲಿ, ಲಾರಿ ಎರಚಿದ ಕೆಸರನ್ನು ಒಣ ವೈಪರ್ ಹರಡುತ್ತದೆಯೇ ಹೊರತು ಒರೆಸುವುದಿಲ್ಲ. ಬ್ರೇಕ್ ಪ್ಯಾಡ್, ಬ್ರೇಕ್ ಆಯಿಲ್, ಬ್ಯಾಟರಿ, ಎಲ್ಲ ದೀಪಗಳು, ಹಾರ್ನ್ ಇವನ್ನು ಮೆಕ್ಯಾನಿಕ್‌ಗೆ ಒಮ್ಮೆ ತೋರಿಸಿದರೆ ಸಾಕು. ವಿಮೆಯ ಪಾಲಿಸಿಯನ್ನು ಮಾತ್ರ ನೀವೇ ತೆರೆದು ಓದಬೇಕು: ನೀರು ಹೊಕ್ಕು ಎಂಜಿನ್ ಕೆಟ್ಟರೆ ಸಾಮಾನ್ಯ ಸಮಗ್ರ ಪಾಲಿಸಿ ಬಹುತೇಕ ಪರಿಹಾರ ಕೊಡುವುದಿಲ್ಲ, ಅದಕ್ಕೆ ಎಂಜಿನ್ ರಕ್ಷಣೆಯ ಪ್ರತ್ಯೇಕ ಆ್ಯಡ್-ಆನ್ ಇರಬೇಕಾಗುತ್ತದೆ.

ಕಾರಿನಲ್ಲಿ ಎಳೆಯುವ ಹಗ್ಗ, ಜಂಪರ್ ಕೇಬಲ್, ಟಾರ್ಚ್, ಪವರ್ ಬ್ಯಾಂಕ್, ಪ್ರತಿಫಲಕ ತ್ರಿಕೋನ, ಒಂದು ದಿನಕ್ಕಾಗುವಷ್ಟು ಕುಡಿಯುವ ನೀರು ಮತ್ತು ತಿನಿಸು, ಹೊದಿಕೆ, ಒಂದಿಷ್ಟು ನಗದು ಇರಲಿ. ಹಗ್ಗ ಸಿಕ್ಕಿಸುವ ಟೋ ಹುಕ್ ಎಲ್ಲಿದೆ, ಅದನ್ನು ಹೇಗೆ ತಿರುಗಿಸಿ ಕೂರಿಸಬೇಕು ಎಂಬುದನ್ನು ಮನೆಯ ಮುಂದೆಯೇ ಒಮ್ಮೆ ಮಾಡಿ ನೋಡಿ. ಆಫ್‌ಲೈನ್ ನಕ್ಷೆಯನ್ನು ಇಳಿಸಿಕೊಳ್ಳಿ. ತುರ್ತಿಗೆ 112, ರಾಷ್ಟ್ರೀಯ ಹೆದ್ದಾರಿಗಳಲ್ಲಿ 1033, ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಗೆ 1077. ಇಂಧನವನ್ನು ಘಾಟಿಗೆ ಮುಂಚಿನ ಪಟ್ಟಣದಲ್ಲೇ ತುಂಬಿಸಿ. ರಸ್ತೆ ಮುಚ್ಚಿ ನೂರು ಕಿಲೋಮೀಟರ್ ಬಳಸಬೇಕಾಗಿ ಬಂದರೆ ಅರ್ಧ ಟ್ಯಾಂಕಿನಲ್ಲಿ ಆತಂಕ ಶುರುವಾಗುತ್ತದೆ. ವಿದ್ಯುತ್ ಕಾರಿನವರು ಮಲೆಯೂರುಗಳಲ್ಲಿ ದಿನಗಟ್ಟಲೆ ಕರೆಂಟು ಹೋಗುವುದುಂಟು ಎಂಬುದನ್ನು ನೆನಪಿಟ್ಟು ಹಾಸನ, ಮೈಸೂರಿನಂಥ ಕಡೆ ಪೂರ್ತಿ ಚಾರ್ಜ್ ಮಾಡಿಕೊಂಡೇ ಹತ್ತಬೇಕು.

ಘಾಟಿಯಲ್ಲಿ ಗಾಡಿ ಓಡಿಸುವುದು

ಬೆಳಿಗ್ಗೆ ಬೇಗ ಹೊರಟು ಮಧ್ಯಾಹ್ನ ಮೂರರೊಳಗೆ ಊರು ಸೇರುವಂತೆ ಲೆಕ್ಕ ಹಾಕಿ. ಬಯಲಿನಲ್ಲಿ ಗಂಟೆಗೆ ಅರವತ್ತು ಕಿಲೋಮೀಟರ್ ಎಂದು ಎಣಿಸಿದರೆ ಮಳೆಯ ಘಾಟಿಯಲ್ಲಿ ಇಪ್ಪತ್ತೈದು ಎಂದೇ ಎಣಿಸಬೇಕು. ಮಲೆಯಲ್ಲಿ ಮೋಡ ಮುಸುಕಿದ ದಿನ ಐದು ಗಂಟೆಗೇ ಕತ್ತಲಾಗುತ್ತದೆ, ಮತ್ತು ಒದ್ದೆ ಡಾಂಬರು ಹೆಡ್‌ಲೈಟಿನ ಬೆಳಕನ್ನು ನುಂಗುತ್ತದೆ. ರಾತ್ರಿ ಘಾಟಿಯಲ್ಲಿ ರಸ್ತೆಯ ಅಂಚು, ಬಿದ್ದ ಕೊಂಬೆ, ಕೊರೆದುಹೋದ ಬದಿ ಯಾವುದೂ ಸರಿಯಾಗಿ ಕಾಣುವುದಿಲ್ಲ.

ಇಳಿಯುವಾಗಿನ ಮುಖ್ಯ ಸೂತ್ರ ಹಳೆಯದು: ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ಎರಡನೆಯ ಗೇರಿನಲ್ಲಿ ಎಂಜಿನ್ನೇ ಕಾರನ್ನು ತಡೆದು ಹಿಡಿಯುತ್ತದೆ, ಬ್ರೇಕಿಗೆ ಕೆಲಸ ಕಡಿಮೆಯಾಗುತ್ತದೆ. ಆಟೊಮ್ಯಾಟಿಕ್ ಕಾರಿನವರು ‘ಡಿ’ಯಲ್ಲೇ ಬಿಟ್ಟುಕೊಂಡು ಇಡೀ ಇಳಿಜಾರಿಗೆ ಬ್ರೇಕ್ ತುಳಿಯುವುದನ್ನು ಬಹಳ ಕಾಣುತ್ತೇವೆ, ‘ಎಲ್’, ‘ಬಿ’ ಅಥವಾ ಮ್ಯಾನ್ಯುವಲ್ ಮೋಡ್ ಇರುವುದು ಇಂಥದ್ದಕ್ಕೇ. ನ್ಯೂಟ್ರಲ್‌ನಲ್ಲಿ ಇಳಿಸುವುದು, ಎಂಜಿನ್ ಆರಿಸುವುದು ಎಂದಿಗೂ ಕೂಡದು. ಸುಟ್ಟ ವಾಸನೆ ಬಂದರೆ ಅಥವಾ ಪೆಡಲು ಮೆತ್ತಗಾದರೆ ಅಗಲವಾದ ಜಾಗ ನೋಡಿ ನಿಲ್ಲಿಸಿ, ಅರ್ಧ ಗಂಟೆ ಆರಲು ಬಿಡಿ. ಕಾದ ಡಿಸ್ಕಿನ ಮೇಲೆ ನೀರು ಸುರಿಯಬಾರದು.

ಒಂದು ಹೇರ್‌ಪಿನ್ ತಿರುವನ್ನೇ ತೆಗೆದುಕೊಳ್ಳೋಣ. ಕೆಳಗಿಳಿಯುತ್ತಿದ್ದೀರಿ, ತಿರುವು ಬಲಕ್ಕಿದೆ, ಮುಂದೇನು ಬರುತ್ತಿದೆ ಎಂಬುದು ಕಾಣುವುದಿಲ್ಲ. ನೇರ ರಸ್ತೆ ಇರುವಾಗಲೇ, ಚಕ್ರ ನೆಟ್ಟಗಿರುವಾಗಲೇ ಬ್ರೇಕ್ ಹಾಕಿ ಗೇರು ಇಳಿಸಿ. ಹಾರ್ನ್ ಮಾಡಿ, ಒಂದು ಕ್ಷಣ ಕಿವಿಗೊಡಿ. ಇದಕ್ಕಾಗಿ ಚಾಲಕನ ಕಡೆಯ ಗಾಜನ್ನು ಎರಡು ಬೆರಳಿನಷ್ಟು ತೆರೆದಿಟ್ಟಿರಬೇಕು. ಬಸ್ಸು ಬರುತ್ತಿದ್ದರೆ ತಿರುವಿಗೆ ಮುಂಚೆಯೇ ಎಡಕ್ಕೆ ಸರಿದು ನಿಂತುಬಿಡಿ: ಉದ್ದನೆಯ ಬಸ್ಸಿಗೆ ತಿರುಗಲು ರಸ್ತೆಯ ಪೂರ್ತಿ ಅಗಲ ಬೇಕು, ನೀವು ಮೂತಿ ತೂರಿಸಿದರೆ ಇಬ್ಬರೂ ಸಿಕ್ಕಿಬೀಳುತ್ತೀರಿ. ಖಾಲಿಯಿದ್ದರೆ ನಿಮ್ಮ ಎಡಬದಿಯಲ್ಲೇ ನಿಧಾನವಾಗಿ ತಿರುಗಿ, ತಿರುವಿನ ಒಳಗೆ ಬ್ರೇಕನ್ನು ಮುಟ್ಟದೆ, ರಸ್ತೆ ನೆಟ್ಟಗಾದ ಮೇಲೆ ಮಾತ್ರ ಆ್ಯಕ್ಸಿಲರೇಟರ್ ಒತ್ತಿ. ಎಡ ಅಂಚಿನಲ್ಲಿ ಒದ್ದೆ ಎಲೆ, ಪಾಚಿ, ಜಲ್ಲಿ ಇದ್ದೇ ಇರುತ್ತವೆ ಎಂದು ಭಾವಿಸಿ ಸ್ವಲ್ಪ ಅಂತರ ಬಿಡಿ. ಇಕ್ಕಟ್ಟಾದ ಕಡೆ ಹತ್ತುವ ವಾಹನಕ್ಕೆ ಇಳಿಯುವವರು ದಾರಿ ಬಿಡಬೇಕೆಂಬುದು 2017ರ ಮೋಟಾರು ವಾಹನ ಚಾಲನಾ ನಿಯಮಗಳಲ್ಲೇ ಇದೆ.

ಮಂಜು ಕವಿದಾಗ ಲೋ ಬೀಮ್ ಮತ್ತು ಫಾಗ್ ಲ್ಯಾಂಪ್ ಹಾಕಿ. ಹೈ ಬೀಮ್ ಹಾಕಿದರೆ ಬೆಳಕು ಮಂಜಿಗೇ ತಾಗಿ ನಿಮ್ಮ ಕಣ್ಣಿಗೆ ಹೊಡೆಯುತ್ತದೆ. ನಾಲ್ಕೂ ಇಂಡಿಕೇಟರ್ ಮಿಣುಕಿಸುತ್ತ ಓಡಿಸುವ ಅಭ್ಯಾಸ ನಮ್ಮಲ್ಲಿ ಎಲ್ಲೆಡೆ ಹಬ್ಬಿದೆ. ಅದರಿಂದ ನೀವು ನಿಂತಿದ್ದೀರೋ ತಿರುಗುತ್ತಿದ್ದೀರೋ ಎಂಬುದು ಹಿಂದಿನವರಿಗೆ ತಿಳಿಯುವುದಿಲ್ಲ. ಹಜಾರ್ಡ್ ದೀಪ ನಿಂತ ವಾಹನಕ್ಕೆ ಮೀಸಲು. ಮುಂದೇನೂ ಕಾಣದಷ್ಟು ದಟ್ಟವಾದರೆ ರಸ್ತೆಯ ಮೇಲೆ ನಿಲ್ಲದೆ, ಅಂಗಡಿಯ ಮುಂದೆಯೋ ಚೆಕ್‌ಪೋಸ್ಟ್ ಬಳಿಯೋ ಪೂರ್ತಿ ಹೊರಗೆ ನಿಲ್ಲಿಸಿ ಕಾಯಬೇಕು.

ಒಳಗಿನಿಂದ ಗಾಜು ಮಂಜಾಗುವುದು ಮಳೆಯ ಚಾಲನೆಯಲ್ಲಿ ಜನ ಅತಿ ಹೆಚ್ಚು ಒದ್ದಾಡುವ ಸಂಗತಿ. ಒದ್ದೆ ಬಟ್ಟೆ, ಕೊಡೆ, ಉಸಿರಿನ ತೇವ ತಣ್ಣಗಿನ ಗಾಜಿಗೆ ಕೂರುವುದರಿಂದ ಹೀಗಾಗುತ್ತದೆ. ಕೈಯಿಂದ ಒರೆಸಿದರೆ ಜಿಡ್ಡಿನ ಗೆರೆ ಉಳಿದು ಎದುರಿನ ದೀಪಕ್ಕೆ ಇನ್ನಷ್ಟು ಕುರುಡಾಗುತ್ತದೆ. ಎ.ಸಿ. ಹಾಕಿ, ಗಾಳಿಯನ್ನು ಮುಂದಿನ ಗಾಜಿಗೆ ತಿರುಗಿಸಿ, ಒಳಗಾಳಿಯನ್ನೇ ಸುತ್ತಿಸುವ ಬಟನ್ನನ್ನು ಆರಿಸಿ ಹೊರಗಾಳಿಯನ್ನು ಒಳಬಿಡಿ, ಎ.ಸಿ. ತೇವವನ್ನು ಹೀರುತ್ತದೆ, ಚಳಿಯೆನಿಸಿದರೆ ಜೊತೆಗೆ ಹೀಟರ್ ಕೂಡ ಹಾಕಬಹುದು. ಒಂದೆರಡು ನಿಮಿಷದಲ್ಲಿ ಗಾಜು ತಿಳಿಯಾಗುತ್ತದೆ.

ನೀರು ಹರಿವ ರಸ್ತೆ, ಜರಿವ ಧರೆ

ಸೇತುವೆಯ ಮೇಲೆ ಅಥವಾ ತಗ್ಗಿನಲ್ಲಿ ನೀರು ಹರಿಯುತ್ತಿದ್ದರೆ ದಾಟಬೇಡಿ. ಒಂದಡಿ ಎತ್ತರದ ಹರಿವ ನೀರು ಸಣ್ಣ ಕಾರನ್ನು ತೇಲಿಸಬಲ್ಲದು, ಎರಡಡಿಯಲ್ಲಿ ಎಸ್‌ಯುವಿಗಳೂ ಕೊಚ್ಚಿಹೋಗುತ್ತವೆ. ಮುಂದಿನ ಬಸ್ಸು ದಾಟಿತು ಎಂಬುದು ಸಮರ್ಥನೆಯಾಗದು. ಅದರ ಚಕ್ರದ ಎತ್ತರವೇ ಬೇರೆ, ತೂಕವೇ ಬೇರೆ, ಚಾಲಕನಿಗೆ ಆ ಸೇತುವೆಯ ಪರಿಚಯವೂ ಇರುತ್ತದೆ. ನಿಂತ ನೀರು, ತಳ ಕಾಣುತ್ತಿದೆ, ಆಳ ಚಕ್ರದ ಅರ್ಧಕ್ಕಿಂತ ಕಡಿಮೆಯಿದೆ ಎಂದಾದರೆ ಮೊದಲ ಗೇರಿನಲ್ಲಿ ಒಂದೇ ವೇಗದಲ್ಲಿ, ನಡುವೆ ನಿಲ್ಲಿಸದೆ ದಾಟಿ, ಆಚೆ ಹೋದ ಮೇಲೆ ಮೆಲ್ಲಗೆ ನಾಲ್ಕಾರು ಬಾರಿ ಬ್ರೇಕ್ ಒತ್ತಿ ಒಣಗಿಸಿಕೊಳ್ಳಿ. ನೀರಿನ ನಡುವೆ ಎಂಜಿನ್ ನಿಂತರೆ ಮತ್ತೆ ಸ್ಟಾರ್ಟ್ ಮಾಡಲು ಯತ್ನಿಸಬಾರದು: ಸಿಲಿಂಡರ್‌ಗೆ ನೀರು ಹೊಕ್ಕಿದ್ದರೆ ಪಿಸ್ಟನ್ನಿನ ಒತ್ತಡಕ್ಕೆ ಕನೆಕ್ಟಿಂಗ್ ರಾಡು ಬಾಗಿ ಇಡೀ ಎಂಜಿನ್ ಹಾಳಾಗುತ್ತದೆ. ಜನರನ್ನು ಇಳಿಸಿ, ಕಾರನ್ನು ಎಳೆಸಿ.

ಗುಡ್ಡ ಜರಿಯುವ ಮುನ್ನ ಕೆಲವೊಮ್ಮೆ ಸೂಚನೆ ಕೊಡುತ್ತದೆ. ಧರೆಯಿಂದ ಸಣ್ಣ ಕಲ್ಲುಗಳು ಉದುರುತ್ತಿರುವುದು, ನಿನ್ನೆ ಇರದಿದ್ದ ಕಡೆ ಕೆಂಪು ನೀರು ಒಸರುವುದು, ಮರ ಅಥವಾ ವಿದ್ಯುತ್ ಕಂಬ ರಸ್ತೆಯ ಕಡೆ ವಾಲಿರುವುದು, ಡಾಂಬರಿನಲ್ಲಿ ಉದ್ದಕ್ಕೆ ಬಿರುಕು, ತಿಳಿಯಾಗಿ ಹರಿಯುತ್ತಿದ್ದ ತೊರೆ ಇದ್ದಕ್ಕಿದ್ದಂತೆ ಕದಡುವುದು ಅಥವಾ ಬತ್ತುವುದು: ಇವುಗಳಲ್ಲಿ ಒಂದು ಕಂಡರೂ ಅಲ್ಲಿ ನಿಲ್ಲದೆ ಮುಂದೆ ಸಾಗಿ, ಇಲ್ಲವೇ ಹಿಂದಿರುಗಿ. ಮುಂದೆ ಮಣ್ಣು ಬಿದ್ದು ವಾಹನಗಳ ಸಾಲು ನಿಂತಿದ್ದರೆ ಧರೆಯ ಬುಡದಲ್ಲಿ ಕಾಯದೆ ಸಾಧ್ಯವಾದಷ್ಟು ಬೇಗ ಕಾರನ್ನು ತಿರುಗಿಸಬೇಕು. ನಕ್ಷೆ ತೋರಿಸುವ ಎಸ್ಟೇಟ್ ಒಳದಾರಿಗಳನ್ನು ಸ್ಥಳೀಯರನ್ನು ಕೇಳದೆ ಹಿಡಿಯಬೇಡಿ. ಹಾಲಿನ ವಾಹನದವರು, ಬಸ್ಸಿನ ಚಾಲಕರು, ಚಹಾದಂಗಡಿಯವರು ಆ ದಿನದ ರಸ್ತೆಯ ಬಗ್ಗೆ ಹೇಳುವ ಮಾತಿಗೆ ಸಮನಾದ ಆ್ಯಪ್ ಇನ್ನೂ ಬಂದಿಲ್ಲ.

ರಸ್ತೆ ಬದಿಯ ಝರಿಗಳ ಮುಂದೆ, ವಿಶೇಷವಾಗಿ ಚಾರ್ಮಾಡಿಯ ತಿರುವುಗಳಲ್ಲಿ, ಕಾರು ನಿಲ್ಲಿಸಿ ಬಂಡೆ ಹತ್ತುವವರಿಗೆ ಪೊಲೀಸರು ದಂಡ ಹಾಕುತ್ತಾರೆ; ಹಾಕಬೇಕಾದದ್ದೇ. ಕುದುರೆಮುಖ ರಾಷ್ಟ್ರೀಯ ಉದ್ಯಾನದ ದಾರಿಯಲ್ಲಿ ನಡುವೆ ನಿಲ್ಲುವಂತಿಲ್ಲ, ಚೆಕ್‌ಪೋಸ್ಟಿನಲ್ಲಿ ಸಮಯವನ್ನೂ ಬರೆದುಕೊಳ್ಳುತ್ತಾರೆ. ಜಲಪಾತದ ಬುಡದಲ್ಲಿ ಬಿಸಿಲಿದ್ದರೂ ಮೇಲಿನ ಕಾಡಿನಲ್ಲಿ ಸುರಿದ ಮಳೆ ನಿಮಿಷಗಳಲ್ಲಿ ಕೆಳಗಿಳಿಯುತ್ತದೆ; 2024ರ ಜೂನ್ 30ರಂದು ಲೋನಾವಳದ ಭುಶಿ ಅಣೆಕಟ್ಟಿನ ಹಿಂಬದಿಯ ಜಲಪಾತದಲ್ಲಿ ಒಂದೇ ಕುಟುಂಬದವರು ಕೊಚ್ಚಿಹೋದದ್ದು ಹೀಗೆಯೇ. ಮುಳ್ಳಯ್ಯನಗಿರಿ ಮತ್ತು ಬಾಬಾಬುಡನ್‌ಗಿರಿಗೆ ಹೋಗುವ ವಾಹನಗಳ ಸಂಖ್ಯೆಯನ್ನು ಜಿಲ್ಲಾಡಳಿತ 2025ರ ಸೆಪ್ಟೆಂಬರ್‌ನಿಂದ ಮಿತಿಗೊಳಿಸಿದೆ, ಆನ್‌ಲೈನ್‌ನಲ್ಲಿ ಮುಂಗಡ ನೋಂದಣಿ ಮಾಡಿಕೊಂಡೇ ಹೊರಡಬೇಕು.

ವಸತಿ ಮತ್ತು ಉಳಿದದ್ದು

ಹೋಂಸ್ಟೇಯವರಿಗೆ ಫೋನ್ ಮಾಡಿದಾಗ ಕೊಠಡಿಯ ಫೋಟೊಗಿಂತ ಮೊದಲು ಕೊನೆಯ ಎರಡು ಕಿಲೋಮೀಟರಿನ ರಸ್ತೆಯನ್ನು ವಿಚಾರಿಸಿ: ಡಾಂಬರೋ ಮಣ್ಣೋ, ನಡುವೆ ಹಳ್ಳವಿದೆಯೇ, ಸಣ್ಣ ಕಾರು ಬರುತ್ತದೆಯೇ, ಜೀಪು ಕಳಿಸುತ್ತಾರೆಯೇ. ಜನರೇಟರ್ ಇದೆಯೇ, ಯಾವ ಕಂಪನಿಯ ಸಿಗ್ನಲ್ ಸಿಗುತ್ತದೆ, ಅಲರ್ಟ್ ಬಂದರೆ ಮುಂಗಡವನ್ನು ಬೇರೆ ದಿನಕ್ಕೆ ಹೊಂದಿಸುತ್ತಾರೆಯೇ ಎಂಬುದನ್ನೂ ಕೇಳಿ. ಕಡಿದಾದ ಗುಡ್ಡವನ್ನು ಹೊಸದಾಗಿ ಕಡಿದು ಕಟ್ಟಿದ, ಕಣಿವೆಯ ನೋಟವನ್ನೇ ಬಂಡವಾಳ ಮಾಡಿಕೊಂಡ ಕಟ್ಟಡಗಳಿಗೆ ಮಳೆಗಾಲದಲ್ಲಿ ಹೋಗದಿರುವುದು ಕ್ಷೇಮ. ವಾಪಸಾತಿಗೆ ಒಂದು ದಿನವನ್ನು ಖಾಲಿ ಇಟ್ಟುಕೊಳ್ಳಲೇಬೇಕು; ಸೋಮವಾರ ಬೆಳಿಗ್ಗೆ ಕಚೇರಿಗೆ ಹಾಜರಾಗಲೇಬೇಕೆಂಬ ಅವಸರವೇ ಭಾನುವಾರ ರಾತ್ರಿ ಘಾಟಿ ಇಳಿಯುವಂತೆ ಮಾಡುತ್ತದೆ.

ಕಾರನ್ನು ಮರದಡಿ ನಿಲ್ಲಿಸಬೇಡಿ. ಗಾಳಿಮಳೆಗೆ ಎಸ್ಟೇಟಿನ ಸಿಲ್ವರ್ ಓಕ್, ಅಕೇಶಿಯಾಗಳು ಮುರಿದು ಬೀಳುವುದು ಹೆಚ್ಚು. ರಾತ್ರಿಯಿಡೀ ಹ್ಯಾಂಡ್‌ಬ್ರೇಕ್ ಎಳೆದೇ ಇಟ್ಟರೆ ತೇವಕ್ಕೆ ಹಿಂದಿನ ಬ್ರೇಕು ಅಂಟಿಕೊಳ್ಳಬಹುದು, ಸಮತಟ್ಟಾದ ಜಾಗದಲ್ಲಿ ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಟ್ಟರೆ ಸಾಕು. ಇಂಬಳಕ್ಕೆ ಉಪ್ಪಿನ ಚಿಕ್ಕ ಗಂಟು, ಎರಡು ಜೊತೆ ಹೆಚ್ಚುವರಿ ಕಾಲುಚೀಲ, ಒದ್ದೆ ಬಟ್ಟೆ ತುಂಬಲು ದಪ್ಪ ಚೀಲ ಇವು ಸಣ್ಣ ವಿಷಯಗಳಾದರೂ ಮರೆತರೆ ಗೊತ್ತಾಗುತ್ತದೆ. ಕಳಲೆ ಪಲ್ಯ, ಅಕ್ಕಿರೊಟ್ಟಿ, ಹಲಸಿನ ಹಪ್ಪಳ ಸಿಗುವ ಕಾಲವೂ ಇದೇ ಆದ್ದರಿಂದ ಊಟವನ್ನು ಮನೆಯಿಂದ ಕಟ್ಟಿಕೊಂಡು ಹೋಗುವ ಅಗತ್ಯವಿಲ್ಲ.

ಊರಿಗೆ ಮರಳಿದ ಮೇಲೆ ಕಾರಿನ ತಳಭಾಗವನ್ನು ಒತ್ತಡದ ನೀರಿನಿಂದ ತೊಳೆಸಿ, ಚಕ್ರದ ಒಳಬದಿಯಲ್ಲಿ ಕೂತ ಕೆಸರನ್ನು ತೆಗೆಸಿ, ಬ್ರೇಕ್ ಪ್ಯಾಡನ್ನು ಮತ್ತೊಮ್ಮೆ ನೋಡಿಸಿ. ಮ್ಯಾಟುಗಳನ್ನು ಎತ್ತಿ ಅಡಿಯ ಕಾರ್ಪೆಟ್ಟನ್ನು ಕೈಯಿಂದ ಒತ್ತಿ ನೋಡಿ. ತೇವ ಸಿಕ್ಕರೆ ಬಿಸಿಲು ಕಂಡ ದಿನ ನಾಲ್ಕೂ ಬಾಗಿಲು ತೆರೆದಿಟ್ಟು ಒಣಗಿಸಿ, ಮುಗ್ಗಲು ವಾಸನೆ ಆಮೇಲೂ ಹೋಗದಿದ್ದರೆ ಎ.ಸಿ.ಯ ಕ್ಯಾಬಿನ್ ಫಿಲ್ಟರ್ ಬದಲಿಸಿ.